ಷಡಕ್ಷರಪ್ಪನವರ ತ್ರಿದ್ವೀಪ ದರ್ಶನ

ಷಡಕ್ಷರಪ್ಪನವರಿಗೆ ಬಿ.ಪಿ. ಇರಲಿಲ್ಲ, ಸಕ್ಕರೆ ಕಾಯಿಲೆ ಇರಲಿಲ್ಲ, ಐವತ್ತು ದಾಟಿದವರಿಗೆಲ್ಲ ಬರುವ ಮಂಡಿನೋವು ಕೂಡ ವಿನೋಬನಗರದ ಅವರ ಮನೆಯ ವಿಳಾಸ ಸಿಗದೆ ವಾಪಸು ಹೋದಂತಿತ್ತು. ಅವರಿಗಿದ್ದದ್ದು ಒಂದೇ ಬೇನೆ. ಷಡ್ಡಕ.

ಷಡ್ಡಕನ ಹೆಸರು ವಿಜಯಕುಮಾರ್. ಷಡಕ್ಷರಪ್ಪನವರ ಧರ್ಮಪತ್ನಿ ಮಹಾಂತಮ್ಮನವರ ತಂಗಿ ಶೀಲಾಳ ಗಂಡ. ಭದ್ರಾವತಿಯಲ್ಲಿ ಸಿಮೆಂಟ್ ಡೀಲರ್. ಷಡಕ್ಷರಪ್ಪ, ಷಡ್ಡಕ ಎರಡೂ ‘ಷ’ಕಾರದಿಂದಲೇ ಶುರುವಾದರೂ ಇಬ್ಬರಿಗೂ ಅಷ್ಟಕ್ಕಷ್ಟೇ. ಹಾಗೆಂದು ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಹೋಗಿ ಬರುವುದು ತಪ್ಪುತ್ತಿತ್ತು, ಸಿಂಗಪುರವೂ ತಪ್ಪುತ್ತಿತ್ತು.

ಆದದ್ದಿಷ್ಟೇ. ಚೆನ್ನಾಗಿ ಮೂಟೆ ಮಾರಿದ ಡೀಲರುಗಳನ್ನೆಲ್ಲ ಸಿಮೆಂಟ್ ಕಂಪನಿಯವರು ಒಮ್ಮೆ ವಿಮಾನದಲ್ಲಿ ಕೂರಿಸಿ ಸಿಂಗಪುರ ತೋರಿಸಿಕೊಂಡು ಬಂದಿದ್ದರು. ವಿಜಯಕುಮಾರ್ ನಾಲ್ಕು ದಿನ ನೋಡಿದ ಆ ಸಿಂಗಪುರವನ್ನು ಎರಡು ವರ್ಷದಿಂದ ಹೇಳುತ್ತಿದ್ದ. ಗೃಹಪ್ರವೇಶದಲ್ಲಿ ಸಿಂಗಪುರ, ಸೀಮಂತದಲ್ಲಿ ಸಿಂಗಪುರ, ಕೊನೆಗೆ ಯಾರದೋ ಶಿವಗಣಾರಾಧನೆಯ ಊಟದ ಪಂಕ್ತಿಯಲ್ಲಿ, ಸತ್ತವರ ಫೋಟೋದ ಎದುರಿಗೇ, “ನಮ್ಮ ಸಿಂಗಪುರದಲ್ಲಿ ರಸ್ತೆ ಮೇಲೆ ಊಟ ಹಾಕ್ಕೊಂಡು ತಿನ್ನಬಹುದು, ಅಷ್ಟು ಕ್ಲೀನು” ಎಂದಿದ್ದ. ಷಡಕ್ಷರಪ್ಪನವರಿಗೆ ಸಿಂಗಪುರಕ್ಕಿಂತ ಆ ‘ನಮ್ಮ’ ಎಂಬುದು ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ, ಎರಡು ಸಾವಿರದ ಮೂರನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರು ಬ್ಯಾಂಕಿನಿಂದ ಮನೆಗೆ ಬಂದವರೇ (ಅವರು ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಆಫೀಸರು) ಶೂ ಕೂಡ ಬಿಚ್ಚದೆ ನಡುಮನೆಯಲ್ಲಿ ನಿಂತು ಘೋಷಿಸಿದರು.

“ಈ ಸಲ ಎಲ್‌ಟಿಸಿ ತಗೊಂಡು ಕ್ರೂಸ್ ಹೋಗೋಣ ಕಣೇ!”

ಮಹಾಂತಮ್ಮ ಅವರೇಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಕ್ರೂಸರ್ ಬೇಡಪ್ಪ. ಹದಿನೆಂಟು ಜನ ತುಂಬ್ತಾರೆ. ಹೋದ್ಸಲ ಧರ್ಮಸ್ಥಳಕ್ಕೆ ಹೋದಾಗ ಯಾರದೋ ಮಗು ನನ್ನ ತೊಡೆ ಮೇಲೆ ಘಾಟಿ ಪೂರ್ತಿ ಇಳೀತು.”

“ಕ್ರೂಸರ್ ಅಲ್ಲ ಮಾರಾಯ್ತಿ, ಕ್ರೂಸು! ಹಡಗು! ಕೊಚ್ಚಿಯಿಂದ ಲಕ್ಷದ್ವೀಪ. ದಿನಕ್ಕೊಂದು ದ್ವೀಪ. ಕವರತ್ತಿ, ಕಲ್ಪೇನಿ, ಮಿನಿಕಾಯ್.”

“ಅಲ್ಲೇನಿದೆ?”

“ನೀರು.”

“ನೀರು ನೋಡೋಕೆ ಕೊಚ್ಚಿಗೆ ಯಾಕ್ರೀ ಹೋಗ್ಬೇಕು? ಸಿಟಿ ಬಸ್ ಹತ್ತಿದ್ರೆ ಗಾಜನೂರು ಡ್ಯಾಮು. ಬುತ್ತಿ ಕಟ್ಕೊಂಡು ಹೋಗಿ ಸಂಜೆ ಹಾಲಿನವನು ಬರೋ ಹೊತ್ತಿಗೆ ವಾಪಸ್ ಬರಬಹುದು.”

ಷಡಕ್ಷರಪ್ಪನವರು ಆಳವಾಗಿ ಉಸಿರೆಳೆದುಕೊಂಡರು. ವಿಜಯಕುಮಾರ್ ವಿಮಾನ ಹತ್ತಿರಬಹುದು, ಆದರೆ ಎರಡೂ ಕಡೆಯ ಬಳಗದಲ್ಲಿ ಹಡಗು ಹತ್ತಿದವರು ಈವರೆಗೆ ಒಬ್ಬರಿಲ್ಲ ಎಂಬ ಐತಿಹಾಸಿಕ ಸತ್ಯವನ್ನು ಆಕೆಗೆ ಹೇಗೆ ವಿವರಿಸುವುದು? ವಿವರಿಸಲಿಲ್ಲ. ಟಿಕೆಟ್ ಮಾಡಿಸಿಬಿಟ್ಟರು.

ಟಿಕೆಟ್ಟಿನ ಜೊತೆ ಬಣ್ಣಬಣ್ಣದ ಒಂದು ಪುಸ್ತಿಕೆ ಬಂದಿತು. ಪ್ರತಿಯೊಂದು ದ್ವೀಪದಲ್ಲಿ ಏನೇನು ನೋಡಬೇಕು, ಏನೇನು ಮಾಡಬೇಕು ಎಂದು ಅದರಲ್ಲಿತ್ತು. ಬ್ಯಾಂಕಿನ ಸುತ್ತೋಲೆಗಳನ್ನು ಜೀರ್ಣಿಸಿಕೊಂಡು ಅಭ್ಯಾಸವಿದ್ದ ಷಡಕ್ಷರಪ್ಪನವರು ಅದನ್ನು ‘ನೋಡತಕ್ಕದ್ದು’, ‘ಮಾಡತಕ್ಕದ್ದು’ ಎಂದು ಎರಡು ಭಾಗ ಮಾಡಿ ಬಾಯಿಪಾಠ ಮಾಡಿದರು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತು ಹವಳ ನೋಡತಕ್ಕದ್ದು. ದೀಪಸ್ತಂಭ ಹತ್ತತಕ್ಕದ್ದು. ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರಿನಲ್ಲಿ ಮುಖವಿಟ್ಟು ಮೀನು ನೋಡತಕ್ಕದ್ದು. ಈ ಕೊನೆಯದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆಂದು ಅವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಒಂದು ಭಾನುವಾರ ಹಿತ್ತಲಿನ ಪರಂಗಿ ಎಲೆಯ ದಂಟನ್ನು ಕಚ್ಚಿಕೊಂಡು ಬಚ್ಚಲುಮನೆಯ ಹಂಡೆಯಲ್ಲಿ ಮುಖ ಅದ್ದಿ ತಾಲೀಮು ನಡೆಸಿದರು. ಹಂಡೆಗೆ ಆಗಲೇ ಉರಿ ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ. ಮುಂದಿನ ಮೂರು ದಿನ ಬ್ಯಾಂಕಿನಲ್ಲಿ ಎಲ್ಲರೂ, “ಸಾರ್, ಏನು ಮುಖದಲ್ಲಿ ಇಷ್ಟು ಕಳೆ!” ಎಂದು ಕೇಳಿದರು.

ಗಾಜನೂರಿಗೂ ಹೋದರು, ಆದರೆ ಬುತ್ತಿಗಲ್ಲ, ತರಬೇತಿಗೆ. ಹಿನ್ನೀರಿನಲ್ಲಿ ಮೀನು ಹಿಡಿಯುವ ಒಬ್ಬನನ್ನು ಒಪ್ಪಿಸಿ ತೆಪ್ಪದಲ್ಲಿ ಕೂತರು. ತೆಪ್ಪ ಗುಂಡಗಿರುತ್ತದೆ, ಗುಂಡಗಿರುವುದು ತಿರುಗುತ್ತದೆ. ಎರಡು ಸುತ್ತಿಗೆ ಷಡಕ್ಷರಪ್ಪನವರು ಕಣ್ಣು ಮುಚ್ಚಿದರು, ಮೂರನೆಯದಕ್ಕೆ ಮಹಾಂತಮ್ಮನವರ ಸೆರಗು ಹಿಡಿದರು.

“ಏನ್ರೀ, ತಲೆ ಸುತ್ತುತ್ತಾ?”

“ಸುತ್ತೋದು ತೆಪ್ಪ. ನಾನು ಧ್ಯಾನ ಮಾಡ್ತಿದೀನಿ.”

“ಹಾಗಾದ್ರೆ ಇನ್ನೊಂದು ನಾಲ್ಕು ಸುತ್ತು ಹಾಕಪ್ಪ” ಎಂದರು ಮಹಾಂತಮ್ಮ ತೆಪ್ಪದವನಿಗೆ, ಜಾತ್ರೆಯ ತೊಟ್ಟಿಲಲ್ಲಿ ಕೂತ ಹುಡುಗಿಯ ಹಾಗೆ ನಗುತ್ತಾ.

ಹೊರಡುವ ಮುಂಚೆ ಭದ್ರಾವತಿಗೆ ಹೋಗಿ ಹೇಳಿ ಬರುವುದೊಂದು ಬಾಕಿಯಿತ್ತು. ನಿಜವಾಗಿ ಹೇಳಬೇಕೆಂದರೆ ಯಾತ್ರೆಯ ಉದ್ದೇಶವೇ ಅದು. ವಿಜಯಕುಮಾರ್ ಎಲ್ಲ ಕೇಳಿಸಿಕೊಂಡು, “ಹಡಗಾ ಅಣ್ಣಾ? ಅದರಲ್ಲಿ ವಾಂತಿ ಆಗುತ್ತಂತಲ್ಲ?” ಎಂದ.

“ಆಗೋದು ಅಭ್ಯಾಸ ಇಲ್ದೋರಿಗೆ” ಎಂದರು ಷಡಕ್ಷರಪ್ಪನವರು. “ವಿಮಾನದಲ್ಲಿ ಏನಿದೆ ವಿಜಯಕುಮಾರ್? ಕೂತ್ರೆ ಕೂತ, ಇಳಿದ್ರೆ ಇಳಿದ. ಹೋಗಿ ಬಂದು ಹೇಳ್ತೀನಿ ತಾಳು, ಸಮುದ್ರ ಅಂದ್ರೆ ಏನು ಅಂತ.”

ಬಸ್ಸಿನಲ್ಲಿ ಮಂಗಳೂರು, ರೈಲಿನಲ್ಲಿ ಎರ್ನಾಕುಳಂ, ಅಲ್ಲಿಂದ ಹಡಗು. ಮಹಾಂತಮ್ಮ ಒಂದು ಚೀಲದ ತುಂಬ ರೊಟ್ಟಿ, ಚಟ್ನಿಪುಡಿ, ಹಚ್ಚಿದವಲಕ್ಕಿ, ನಿಂಬೆಹಣ್ಣು ತುಂಬಿಕೊಂಡಿದ್ದರು. ಹಡಗು ಬಂದರು ಬಿಡುವಾಗ ಷಡಕ್ಷರಪ್ಪನವರು ಕಟಕಟೆ ಹಿಡಿದು ನಿಂತು, ಕಳಿಸಲು ಯಾರೂ ಬಂದಿರದಿದ್ದರೂ ದಡದ ಕಡೆ ಗಂಭೀರವಾಗಿ ಕೈ ಬೀಸಿದರು. ಮೂಟೆ ಹೊರುವವನೊಬ್ಬ ಬೀಡಿ ತೆಗೆದು ತಿರುಗಿ ಕೈ ಬೀಸಿದ. ಅಲ್ಲಿಯವರೆಗೆ ಎಲ್ಲವೂ ಯೋಜನೆಯ ಪ್ರಕಾರವೇ ನಡೆಯಿತು.

ಮಾರನೇ ಬೆಳಿಗ್ಗೆ ಕವರತ್ತಿ ಕಾಣಿಸಿತು. ನೀಲಿ ತಟ್ಟೆಯ ಮೇಲೆ ಯಾರೋ ಕೊತ್ತಂಬರಿ ಸೊಪ್ಪು ಇಟ್ಟ ಹಾಗೆ. ಆದರೆ ಹಡಗು ದೂರದಲ್ಲೇ ನಿಂತುಬಿಟ್ಟಿತು. ಪ್ರವಾಸಿಗಳನ್ನು ನೋಡಿಕೊಳ್ಳಲು ಕೋಯಾ ಎಂಬ ಹುಡುಗನಿದ್ದ. ಮಂಗಳೂರಿನ ಹೋಟೆಲಿನಲ್ಲಿ ಎರಡು ವರ್ಷ ಇದ್ದು ಕನ್ನಡ ಕಲಿತವನು. ಅವನು ಹೇಳಿದ: “ದ್ವೀಪದ ಸುತ್ತ ಹವಳದ ಗೋಡೆ ಉಂಟು ಸಾರ್. ದೊಡ್ಡ ಹಡಗು ಹೋಗಲಿಕ್ಕಿಲ್ಲ. ಇಲ್ಲಿಂದ ಸಣ್ಣ ದೋಣಿಗೆ ಹಾರಬೇಕು.”

“ಹಾ-ರ-ಬೇ-ಕಾ?”

ಹಡಗಿನ ಹೊಟ್ಟೆಯ ಪಕ್ಕದಲ್ಲಿ ಒಂದು ಬಾಗಿಲು. ಬಾಗಿಲ ಕೆಳಗೆ ಸಮುದ್ರ. ಸಮುದ್ರದ ಮೇಲೆ ಒಂದು ದೋಣಿ. ಆ ದೋಣಿ ಒಂದು ಗಳಿಗೆ ಹೊಸ್ತಿಲ ಮಟ್ಟಕ್ಕೆ ಏರಿ “ಬಾ” ಎನ್ನುತ್ತಿತ್ತು, ಮರುಗಳಿಗೆ ಒಂದಾಳುದ್ದ ಕೆಳಗೆ ಬಿದ್ದು “ಬಂದೆಯಾ?” ಎಂದು ಹಲ್ಲು ಕಿರಿಯುತ್ತಿತ್ತು. ಬಾಗಿಲಲ್ಲಿ ಇಬ್ಬರು ಖಲಾಸಿಗಳು ಹಿಡಿದು ಬಿಡುವವರು, ದೋಣಿಯಲ್ಲಿ ಇಬ್ಬರು ಹಿಡಿದುಕೊಳ್ಳುವವರು. ಪುಸ್ತಿಕೆಯಲ್ಲಿ ನೋಡತಕ್ಕದ್ದಿತ್ತು, ಮಾಡತಕ್ಕದ್ದಿತ್ತು. ಇಳಿಯತಕ್ಕದ್ದು ಹೇಗೆ ಎಂಬ ಬಗ್ಗೆ ಒಂದಕ್ಷರ ಇರಲಿಲ್ಲ.

ಷಡಕ್ಷರಪ್ಪನವರು ಕೂಡಲೇ ಸಾಲಿನ ನಾಯಕತ್ವ ವಹಿಸಿಕೊಂಡರು. “ಅಲೆ ಮೇಲೆ ಬಂದಾಗ ಕಾಲು ಎತ್ತಿ. ಹೆದರಬಾರದು. ಹೆದರಿದ್ರೆ ಬ್ಯಾಲೆನ್ಸ್ ತಪ್ಪುತ್ತೆ. ಮೊದಲು ಹೆಂಗಸರು ಹೋಗ್ಲಿ, ಆಮೇಲೆ ವಯಸ್ಸಾದೋರು, ಆಮೇಲೆ…” ಹೀಗೆ ಎಲ್ಲರನ್ನೂ ಮುಂದೆ ಕಳಿಸುತ್ತಾ ಹಿಂದೆ ಹಿಂದೆ ಸರಿದರು. ಮಹಾಂತಮ್ಮನವರ ಸರದಿ ಬಂತು. ಅವರು ಸೆರಗು ಸೊಂಟಕ್ಕೆ ಸುತ್ತಿ, ನೆರಿಗೆ ಎತ್ತಿ ಸಿಕ್ಕಿಸಿ, ಮನೆಯ ಎದುರಿನ ಚರಂಡಿ ದಾಟುವಷ್ಟೇ ಸಲೀಸಾಗಿ ಹಾರಿ ದೋಣಿಯಲ್ಲಿ ಕೂತು, “ಬನ್ರೀ, ಏನೂ ಆಗಲ್ಲ!” ಎಂದರು.

ಷಡಕ್ಷರಪ್ಪನವರು ಬಾಗಿಲಿಗೆ ಬಂದರು. ಕೆಳಗೆ ನೋಡಿದರು. ಅವರ ಮನಸ್ಸು ಹಾರಿತು, ಕಾಲು ಹಾರಲಿಲ್ಲ.

“ಕ್ಯಾಮೆರಾ ಮರೆತೆ!” ಎಂದು ಕೂಗಿ ಮೆಟ್ಟಿಲು ಹತ್ತಿ ಓಡಿದರು. ಕ್ಯಾಮೆರಾ ಮಹಾಂತಮ್ಮನವರ ಕೊರಳಿನಲ್ಲಿತ್ತು.

ಸಂಜೆಯವರೆಗೆ ಅವರು ಕ್ಯಾಬಿನ್ನಿನಲ್ಲಿ ನಿಂಬೆಹಣ್ಣು ಮೂಸುತ್ತಾ ಮಲಗಿದ್ದರು. ಐದು ಗಂಟೆಯ ಹೊತ್ತಿಗೆ ಬಾಗಿಲು ದಢಾರನೆ ತೆರೆಯಿತು. ಮೈಯೆಲ್ಲ ಮರಳು, ಮುಖವೆಲ್ಲ ಬಿಸಿಲು, ಕೆದರಿದ ಕೂದಲಿನ ಮಹಾಂತಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಷಡಕ್ಷರಪ್ಪನವರು ಹೆಂಡತಿಯನ್ನು ಹೀಗೆ ಕಂಡಿರಲಿಲ್ಲ.

“ರೀ! ದೋಣಿಗೆ ತಳಾನೇ ಇಲ್ಲ ಕಣ್ರೀ, ಗಾಜು! ಕಾಲಡೀಲಿ ಮೀನು ಓಡಾಡ್ತವೆ! ಒಂದು ಮೀನು, ನಾನು ಸುಳ್ಳು ಹೇಳಲ್ಲ, ಥೇಟ್ ನಮ್ಮ ಶೀಲಾ ಅವಳ ಗೃಹಪ್ರವೇಶಕ್ಕೆ ಉಟ್ಟಿದ್ಲಲ್ಲ ಸೀರೆ, ಗಿಳಿಹಸಿರಿಗೆ ರಾಣಿ ಬಾರ್ಡರು, ಅದೇ ಬಣ್ಣ!”

“ಅದು ಗಿಳಿಮೀನು. ಹವಳ ಕಡಿದು ತಿನ್ನುತ್ತೆ” ಎಂದರು ಷಡಕ್ಷರಪ್ಪನವರು ಮಲಗಿದಲ್ಲಿಂದಲೇ.

“ನೀವು ನೋಡಿದ್ರಾ?”

“ಓದಿದೀನಿ.”

“ನಾನು ನೋಡ್ದೆ” ಎಂದರು ಮಹಾಂತಮ್ಮ. ಆಮೇಲೆ ಮಂಚದ ಮೇಲೆ ಕೂತು ಬಿದ್ದು ಬಿದ್ದು ನಕ್ಕರು. ಷಡಕ್ಷರಪ್ಪನವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ದಿಂಬನ್ನು ಎತ್ತರ ಮಾಡಿಕೊಂಡು, “ಹೂಂ, ಆಮೇಲೆ? ಬಿಡಿಸಿ ಹೇಳು” ಎಂದರು. ಆ ಕ್ಷಣದಲ್ಲೇ ಅವರ ತಲೆಯಲ್ಲಿ ಒಂದು ಯೋಚನೆ ಚಿಗುರಿತ್ತು. ನೋಡುವುದು ಯಾರಾದರೇನು, ಭದ್ರಾವತಿಯಲ್ಲಿ ಹೇಳುವುದು ಮುಖ್ಯ.

ಎರಡನೇ ದಿನ ಕಲ್ಪೇನಿ. ಅಂದು ಅವರು ಬಾಗಿಲವರೆಗೂ ಹೋಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಹಾಸಿಗೆಯಿಂದಲೇ ರಜೆ ಹಾಕಿದರು. ಮಹಾಂತಮ್ಮ ಹೋಗಿ ಮೊಳಕಾಲುದ್ದ ನೀರಿನಲ್ಲಿ ಮೈಲಿಗಟ್ಟಲೆ ನಡೆದು, ಹುಟ್ಟು ಹಾಕಿ ಪುಟ್ಟ ದೋಣಿ ನಡೆಸಿ, ಕೊಳವೆ ಕಚ್ಚಿಕೊಂಡು ನೀರಿನಲ್ಲಿ ಮುಖ ಇಟ್ಟು ಬಂದರು. (“ಸ್ನಾರ್ಕಲ್ಲು ಅಂತಿದ್ರಲ್ಲ, ಏನೂ ಕಷ್ಟ ಇಲ್ಲ. ಬಾಯಿ ಮುಚ್ಕೊಂಡಿರಬೇಕು ಅಷ್ಟೆ. ಅದಕ್ಕೇ ನಿಮಗೆ ಕಷ್ಟ.”) ಸಂಜೆ ಷಡಕ್ಷರಪ್ಪನವರು ವಕೀಲರ ಹಾಗೆ ಪಾಟೀಸವಾಲು ಶುರು ಮಾಡಿದರು. ನೀರು ಎಷ್ಟು ಉಪ್ಪಿತ್ತು? ಮರಳು ಬೆಳ್ಳಗಿತ್ತೋ ಕೆನೆ ಬಣ್ಣಕ್ಕಿತ್ತೋ? ದೋಣಿ ಎಡಕ್ಕೆ ತಿರುಗಿಸಲು ಯಾವ ಕೈಯಲ್ಲಿ ಹುಟ್ಟು ಹಾಕಬೇಕು?

ಮಹಾಂತಮ್ಮನವರಿಗೆ ಅನುಮಾನ ಬಂತು. ಅನುಮಾನ ಬಂದರೆ ಅವರು ಕಣ್ಣು ಸಣ್ಣದು ಮಾಡುತ್ತಾರೆ.

“ಇದೆಲ್ಲ ಯಾಕೆ?”

“ಸುಮ್ನೆ. ಜ್ಞಾನಕ್ಕೆ.”

“ಜ್ಞಾನಕ್ಕಲ್ಲ, ಭದ್ರಾವತಿಗೆ! ನಾನು ನೋಡೋದು, ನೀವು ಹೇಳೋದಾ?”

“ಮೆಲ್ಲಗೆ ಮಾತಾಡೇ ಮಾರಾಯ್ತಿ, ಪಕ್ಕದ ಕ್ಯಾಬಿನ್ನಿಗೆ ಕೇಳುತ್ತೆ. ನನ್ನ ಮರ್ಯಾದೆ ನಿನ್ನ ಕೈಲಿದೆ.”

ಮಹಾಂತಮ್ಮ ಸ್ವಲ್ಪ ಹೊತ್ತು ರೊಟ್ಟಿ ಮುರಿದು ಚಟ್ನಿಪುಡಿಗೆ ಅದ್ದಿ ತಿಂದರು. ಆಮೇಲೆ ತೀರ್ಪು ಕೊಟ್ಟರು. “ನೋಡಿ, ನಾಳೆ ನೀವು ಇಳಿಬೇಕು. ಇಳಿದ್ರೆ ಭದ್ರಾವತೀಲಿ ನೀವು ಏನು ಹೇಳಿದ್ರೂ ನಾನು ತುಟಿ ಬಿಚ್ಚಲ್ಲ. ಇಳೀಲಿಲ್ಲ ಅಂದ್ರೆ ಅಲ್ಲಿ ನಾನು ಹೇಳೋದು, ನೀವು ಕೂತ್ಕೊಂಡು ಕೇಳೋದು.”

ಮೂರನೇ ದಿನ, ಮಿನಿಕಾಯ್. ಮಹಾಂತಮ್ಮ ಹಾರಿ ಕೂತಾಗಿತ್ತು. ಷಡಕ್ಷರಪ್ಪನವರು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದರು. ಹೆತ್ತವರು ತಮಗೆ ಯಾವ ಆರು ಅಕ್ಷರದ ಮೇಲೆ ಹೆಸರಿಟ್ಟಿದ್ದರೋ ಆ ಮಂತ್ರವನ್ನೇ ನೆನೆದರು. ಪೂರ್ತಿ ಹೇಳಿ ಮುಗಿದ ಕೂಡಲೇ ಹಾರುವುದೆಂದು ನಿಶ್ಚಯ. “ಓಂ” ಎಂದರು, ದೋಣಿ ಮೇಲೆ ಬಂತು. “ನ” ಎಂದರು, ದೋಣಿ ಕೆಳಗೆ ಹೋಯಿತು. “ಮಃ” ಎಂದಾಗ ಹಿಂದಿನವರು “ಬೇಗ, ಬೇಗ” ಎಂದರು. “ಶಿ” ಎಂದಾಗ ಕೆಳಗಿನ ದೋಣಿಯವನು ಬೇಸತ್ತು, ತುಂಬಿದ ದೋಣಿಯನ್ನು ಬಿಟ್ಟುಕೊಂಡು ಹೊರಟೇಬಿಟ್ಟ. “ವಾ” ಎನ್ನುವಷ್ಟರಲ್ಲಿ ಆ ಜಾಗಕ್ಕೆ ಇನ್ನೊಂದು ದೋಣಿ ಬಂದು ತಗುಲಿತು. “ಯ!” ಎಂದು ಅರಚಿ ಷಡಕ್ಷರಪ್ಪನವರು ಹಾರಿದರು.

ಮೆತ್ತಗಿನ ಯಾವುದರದೋ ಮೇಲೆ ಬಿದ್ದರು. ಅದು “ಮ್ಯಾ” ಎಂದಿತು.

ಕಣ್ಣು ತೆರೆದು ನೋಡಿದರೆ ಸುತ್ತ ಮೇಕೆಗಳು, ಬಾಳೆಗೊನೆಗಳು, ಈರುಳ್ಳಿ ಚೀಲಗಳು. ಅದು ಸಾಮಾನಿನ ದೋಣಿ. ಮೇಲಿನಿಂದ ಖಲಾಸಿ ಏನೋ ಕೂಗಿದ. ದೋಣಿಯವನು ಏನೋ ತಿರುಗಿ ಕೂಗಿದ. ಷಡಕ್ಷರಪ್ಪನವರು ಕೂಗಿದ್ದು ಮೇಕೆಗಳ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಮುಂದಿನ ದೋಣಿಯಲ್ಲಿದ್ದ ಮಹಾಂತಮ್ಮ ಹಿಂತಿರುಗಿ ನೋಡಿದರು, ಬಾಗಿಲಲ್ಲಿ ಗಂಡನಿರಲಿಲ್ಲ. “ಮತ್ತೆ ಕ್ಯಾಮೆರಾ ಮರೆತಿರಬೇಕು” ಎಂದು ನಿಟ್ಟುಸಿರುಬಿಟ್ಟು, ದ್ವೀಪದ ಕಡೆ ಮುಖ ಮಾಡಿ ಕೂತರು.

ಸಾಮಾನಿನ ದೋಣಿ ದ್ವೀಪದ ಇನ್ನೊಂದು ಮೂಲೆಗೆ ಹೋಗಿ ನಿಂತಿತು. ಮೇಕೆಗಳನ್ನು ಇಳಿಸಿದರು, ಈರುಳ್ಳಿ ಇಳಿಸಿದರು, ಕೊನೆಗೆ ಷಡಕ್ಷರಪ್ಪನವರನ್ನೂ ಇಳಿಸಿದರು. ಅಲ್ಲಿಯ ಜನ ಬಹಳ ಒಳ್ಳೆಯವರು, ಆದರೆ ಅವರ ಭಾಷೆಯೇ ಬೇರೆ. ಷಡಕ್ಷರಪ್ಪನವರು ಮೊದಲು ಕನ್ನಡದಲ್ಲಿ, ನಂತರ ಬ್ಯಾಂಕಿನ ಇಂಗ್ಲಿಷಿನಲ್ಲಿ, ಕೊನೆಗೆ ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಚೌಕಾಸಿಗೆಂದು ಕಲಿತ ಉರ್ದುವಿನಲ್ಲಿ ಕೇಳಿದರು. ಯಾವುದೂ ನಡೆಯದೆ ಕೈಸನ್ನೆಗೆ ಇಳಿದರು. ಎರಡೂ ಕೈ ಮೇಲೆತ್ತಿ ಎತ್ತರ ತೋರಿಸಿದರು. ತುದಿಯಲ್ಲಿ ಗುಂಡಗೆ ಏನೋ ಇದೆ ಎಂದು ತೋರಿಸಿದರು. ದೀಪಸ್ತಂಭಕ್ಕೆ ದಾರಿ ಯಾವುದು ಎಂದು ಅದರ ಅರ್ಥ.

ಜನ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ಒಬ್ಬ ತೆಂಗಿನಮರ ಹತ್ತಿ ಎಳನೀರು ಕೆಡವಿದ.

ಕುಡಿದರು. ಮತ್ತೆ ಕೈ ಎತ್ತಿ, ಇನ್ನೂ ಎತ್ತರ, ಇನ್ನೂ ದೊಡ್ಡದು ಎಂದು ತೋರಿಸಿದರು. ಆತ ಇನ್ನೂ ಎತ್ತರದ ಮರ ಹತ್ತಿ ಇನ್ನೂ ದೊಡ್ಡ ಎಳನೀರು ಕೆಡವಿದ. ಮೂರನೇ ಸಲ ಬೆರಳುಗಳನ್ನು ಅರಳಿಸಿ ಬೆಳಕು ಚೆಲ್ಲುವುದನ್ನು ಅಭಿನಯಿಸಿದರು. ಎಳನೀರನ್ನು ತಲೆಗೆ ಸುರಿದುಕೊಳ್ಳಬೇಕೆಂದು ಈತನ ಆಸೆಯಿರಬಹುದೆಂದು ತಿಳಿದು ಅದನ್ನೂ ನಡೆಸಿಕೊಟ್ಟರು.

ಮಧ್ಯಾಹ್ನ ದೋಣಿಯವನ ಮನೆಯಲ್ಲಿ ಊಟ. ಅವನಿಗೆ ಮಲಯಾಳ ಬರುತ್ತಿತ್ತು. ಬಿಳಿ ಅನ್ನ ಬಡಿಸಿ ಒಂದು ಪಾತ್ರೆ ಹಿಡಿದು ಪ್ರಶ್ನೆಯ ಮುಖ ಮಾಡಿದ. ಸಂಕೋಚದ ಮನುಷ್ಯ ಷಡಕ್ಷರಪ್ಪನವರು, ಬೆರಳ ತುದಿ ತೋರಿಸಿ, “ಚೂರು, ಚೂರು ಸಾಕು” ಎಂದರು.

“ಚೂರ?” ಎಂದು ಆತನ ಮುಖ ಅರಳಿತು. ಎರಡು ದಪ್ಪ ಹೋಳು ಬಿದ್ದವು. ಘಮ ಮೂಗಿಗೆ ಬಡಿದದ್ದೇ ಷಡಕ್ಷರಪ್ಪನವರ ಕೈ ಕೊರಳಿನ ಶಿವದಾರಕ್ಕೆ ಹೋಯಿತು.

“ಅಯ್ಯೋ, ಬೇಡ! ಒಂದು ಚೂರೂ ಬೇಡ!”

“ಒಂದು ಚೂರ!” ಎಂದು ಆತ ಮನೆಯೊಳಗೆ ಕೂಗಿದ. ಇನ್ನೊಂದು ಪಾತ್ರೆ ಬಂತು. (ಚೂರ ಎಂದರೆ ಅಲ್ಲಿ ಹಿಡಿಯುವ ಒಂದು ದೊಡ್ಡ ಮೀನಿನ ಹೆಸರೆಂದು ಕೋಯಾ ಆಮೇಲೆ ವಿವರಿಸಿದ. ಅದನ್ನೇ ಮೂರು ಸಲ ಹೆಸರು ಹಿಡಿದು ಕೇಳಿದ ಅತಿಥಿ ಮುಟ್ಟದೆ ಎದ್ದದ್ದಕ್ಕೆ ಆ ಮನೆಯವರು ಇಂದಿಗೂ ಅಡುಗೆಯಲ್ಲಿ ಏನು ಕಡಿಮೆಯಾಯಿತೆಂದು ಯೋಚಿಸುತ್ತಿರಬಹುದು.) ಕೊನೆಗೆ ಮನೆಯ ಅಜ್ಜಿಗೆ ಅರ್ಥವಾಯಿತೋ ಏನೋ, ಎರಡು ಬಾಳೆಹಣ್ಣು ತಂದುಕೊಟ್ಟು ಚಾಪೆ ಹಾಸಿದಳು. ಷಡಕ್ಷರಪ್ಪನವರು ಮಿನಿಕಾಯ್ ದ್ವೀಪದಲ್ಲಿ ನೋಡತಕ್ಕದ್ದನ್ನೆಲ್ಲ ಬಿಟ್ಟು ಗಡದ್ದಾಗಿ ನಿದ್ದೆ ಹೊಡೆದರು.

ಎಚ್ಚರವಾದಾಗ ಹಡಗಿನ ಕೂಗು ಕೇಳುತ್ತಿತ್ತು. ಹಡಗಿನ ಮೇಲೆ ಆಗಲೇ ಗುಲ್ಲೆದ್ದಿತ್ತು. ದೀಪಸ್ತಂಭ ಹತ್ತಿಳಿದು ಕುಣಿಯುತ್ತಾ ಬಂದ ಮಹಾಂತಮ್ಮನವರಿಗೆ ಕ್ಯಾಬಿನ್ ಖಾಲಿ ಕಂಡಿತ್ತು. “ನಮ್ಮನೆಯವರು! ನಮ್ಮನೆಯವರು ಎಲ್ಲಿ?” ಎಂದು ಅವರು ಕೋಯಾನ ಅಂಗಿ ಹಿಡಿದು ಅಲುಗಾಡಿಸುತ್ತಿದ್ದಾಗ ಸಾಮಾನಿನ ದೋಣಿ ಬಂತು, ಅದರಲ್ಲಿ ಕೊಬ್ಬರಿ ಮೂಟೆಗಳ ನಡುವೆ ಷಡಕ್ಷರಪ್ಪನವರು ಬಂದರು.

ಕೆಳಗೆ ಹಾರುವುದಕ್ಕೆ ಕಣ್ಣು ಮುಚ್ಚಿದರೆ ಸಾಕು. ಮೇಲೆ ಹಾರುವುದಕ್ಕೆ ಕಾಲು ಬೇಕು. ಅವರು ಮಂತ್ರವನ್ನು ಎರಡು ಆವರ್ತನ ಮುಗಿಸಿದರೂ ಪಾದ ದೋಣಿ ಬಿಡಲಿಲ್ಲ. ಹೊತ್ತಾಗುತ್ತಿತ್ತು. ಯಾರೋ ಅಧಿಕಾರಿ ಮೇಲಿನಿಂದ ಕೈ ಆಡಿಸಿದ. ಕ್ರೇನಿನಿಂದ ಸಾಮಾನು ಎತ್ತುವ ಬಲೆ ಇಳಿದು ಬಂತು. ನಾಲ್ಕು ಕೊಬ್ಬರಿ ಮೂಟೆ, ಒಬ್ಬ ಬ್ಯಾಂಕ್ ಆಫೀಸರ್.

ಬಲೆ ಮೇಲೇರಿತು. ಕಟಕಟೆಯುದ್ದಕ್ಕೂ ನಿಂತ ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಬಲೆಯ ಕಣ್ಣಿನಿಂದ ಒಂದು ಕಾಲು ಹೊರಗೆ ಹಾಕಿಕೊಂಡು ಷಡಕ್ಷರಪ್ಪನವರು ಮೆಲ್ಲಗೆ ತಿರುಗುತ್ತಿದ್ದರು. ಆ ಎತ್ತರದಿಂದ ಒಂದು ಕ್ಷಣ, ಒಂದೇ ಕ್ಷಣ, ಪೂರ್ತಿ ದ್ವೀಪ ಕಾಣಿಸಿತು. ಹಸಿರು ತೆಂಗು, ಬಿಳಿ ಅಂಚು, ತಿಳಿನೀಲಿ ನೀರು. ಅಷ್ಟರಲ್ಲಿ ಬಲೆ ತಿರುಗಿ ಎದುರಿಗೆ ಹಡಗಿನ ಹೊಗೆಕೊಳವೆ ಬಂತು.

“ಈ ಕಡೆ ನೋಡ್ರೀ! ನಗ್ರೀ ಸ್ವಲ್ಪ!” ಎಂದು ಕೆಳಗಿನಿಂದ ಮಹಾಂತಮ್ಮ ಕ್ಯಾಮೆರಾ ಎತ್ತಿದರು. ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ಪುಣ್ಯಕ್ಕೆ ರೀಲು ಮುಗಿದಿತ್ತು.

ಬಲೆಯಿಂದ ಬಿಡಿಸಿಕೊಂಡು ನಿಂತವರೇ ಷಡಕ್ಷರಪ್ಪನವರು ಕೊಬ್ಬರಿ ಪುಡಿ ಕೊಡವಿಕೊಂಡು ಹೇಳಿದ ಮೊದಲ ಮಾತು: “ಇಳಿದಿದೀನಿ. ಮಾತು ಮಾತೇ.”

“ಆಯ್ತು ಮಾರಾಯ್ರೇ, ಮಾತು ಮಾತೇ” ಎಂದರು ಮಹಾಂತಮ್ಮ, ಗಂಡನ ತೋಳನ್ನು ಬಿಡದೆ.

ಊರಿಗೆ ಬಂದ ಮುಂದಿನ ಭಾನುವಾರವೇ ಭದ್ರಾವತಿಯಲ್ಲಿ ಊಟ. ವಿಜಯಕುಮಾರ್ ತನ್ನ ಕಡೆಯವರನ್ನೂ ಕರೆದಿದ್ದ. ಅವನ ತಾಯಿ ಸುಭದ್ರಮ್ಮ, ಅಣ್ಣ ತಮ್ಮಂದಿರು, ಮಕ್ಕಳು. ಹೋಳಿಗೆಗೆ ತುಪ್ಪ ಬಿದ್ದದ್ದೇ ಷಡಕ್ಷರಪ್ಪನವರು ಲಂಗರು ಎತ್ತಿದರು.

ಅದನ್ನು ಕೇಳಬೇಕಿತ್ತು! ಗಾಜಿನ ದೋಣಿಯ ತಳದಲ್ಲಿ ಹವಳದ ಕಾಡು. ಕಲ್ಪೇನಿಯಲ್ಲಿ ಹುಟ್ಟು ಹಾಕುವಾಗ ಎಡಗೈಯ ಮಣಿಕಟ್ಟು ಎಷ್ಟು ತಿರುಗಬೇಕು. ದೀಪಸ್ತಂಭದ ಸುತ್ತುಮೆಟ್ಟಿಲು, ಕಡೆಯಲ್ಲಿ ಕಡಿದಾದ ಏಣಿ, ತುದಿಯಲ್ಲಿ ಗಾಳಿ. “ಇನ್ನು ಗಿಳಿಮೀನು ಅಂತ ಒಂದಿದೆ ನೋಡಿ. ಗಿಳಿಹಸಿರಿಗೆ ರಾಣಿ ಬಾರ್ಡರು. ಥೇಟ್ ನಮ್ಮ ಶೀಲಾ ಗೃಹಪ್ರವೇಶಕ್ಕೆ ಉಟ್ಟಿದ್ಲಲ್ಲ, ಅದೇ ಸೀರೆ!”

ಬಡಿಸುತ್ತಿದ್ದ ಶೀಲಾ ಸೌಟು ಹಿಡಿದು ನಿಂತುಬಿಟ್ಟಳು. “ಭಾವಂಗೆ ಸೀರೆ ಬಾರ್ಡರೆಲ್ಲ ಗೊತ್ತಾಗುತ್ತಾ! ನೋಡ್ರೀ, ನೀವೂ ಇದೀರ!” ವಿಜಯಕುಮಾರ್ ತಲೆ ತಗ್ಗಿಸಿ ಹೋಳಿಗೆ ಮುರಿದ. ಮಹಾಂತಮ್ಮ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ. ಆಗಾಗ ಕೆಮ್ಮಿದರು, ಅಷ್ಟೆ.

“ಹಡಗಿನಿಂದ ದೋಣಿಗೆ ಹೇಗಪ್ಪಾ ಇಳೀತಾರೆ?” ಎಂದು ಸುಭದ್ರಮ್ಮ ಕೇಳಿದರು.

“ಹಾರಬೇಕಮ್ಮ. ಎದೆಗಾರಿಕೆ ಬೇಕು. ಅಲೆ ಮೇಲೆ ಬಂದ ತಕ್ಷಣ, ಹಿಂದೆ ಮುಂದೆ ನೋಡಬಾರದು, ಟಣ್ ಅಂತ ಹಾರಿಬಿಡಬೇಕು. ಎಷ್ಟೋ ಜನ ಬಾಗಿಲಿಗೆ ಬಂದು ನಡುಗ್ತಾ ನಿಲ್ತಿದ್ರು. ಪಾಪ, ನಾನೇ ಧೈರ್ಯ ಹೇಳಿ ಇಳಿಸ್ತಿದ್ದೆ.”

ಮಹಾಂತಮ್ಮನವರಿಗೆ ಕೆಮ್ಮು ಹೆಚ್ಚಾಗಿ ನೀರು ಕುಡಿಯಬೇಕಾಯಿತು. ಸಿಂಗಪುರದ ಸುದ್ದಿ ಒಬ್ಬರೂ ಎತ್ತಲಿಲ್ಲ. ಷಡಕ್ಷರಪ್ಪನವರ ಎದೆ ಹೋಳಿಗೆಯ ಹಾಗೆ ಉಬ್ಬಿತ್ತು. ಆಗ ವಿಜಯಕುಮಾರ್ ಕೈ ತೊಳೆದು ಬಂದು ಅವರ ಪಕ್ಕದಲ್ಲಿ ಕೂತ.

“ಅಣ್ಣಾ, ನಿಮ್ಮ ಮುಂದೆ ನನ್ನ ಸಿಂಗಪುರ ಏನೂ ಅಲ್ಲ. ಒಪ್ಕೊಂಡೆ. ಅದಕ್ಕೇ ಮುಂದಿನ ತಿಂಗಳು ನಾವೆಲ್ಲ ಹೊರಟಿದೀವಿ. ಅದೇ ಹಡಗು, ಅದೇ ಮೂರು ದ್ವೀಪ. ಹನ್ನೊಂದು ಜನ.”

“ಭೇಷ್! ಹೋಗಿ ಬನ್ನಿ, ನೋಡ್ಲೇಬೇಕಾದ್ದು” ಎಂದರು ಷಡಕ್ಷರಪ್ಪನವರು ಧಾರಾಳವಾಗಿ.

“ಹನ್ನೊಂದು ಅಂದ್ರೆ ನೀವಿಬ್ಬರೂ ಸೇರಿ. ಟಿಕೆಟ್ ಆಗಿದೆ, ನನ್ನ ಲೆಕ್ಕ.”

ಷಡಕ್ಷರಪ್ಪನವರ ಕೈಯಲ್ಲಿದ್ದ ಬಾಳೆಹಣ್ಣು ಅರ್ಧ ಸುಲಿದಲ್ಲೇ ನಿಂತಿತು. “ನಂಗೆ… ರಜೆ ಸಿಗಲ್ಲ ವಿಜಯಕುಮಾರ್. ಮಾರ್ಚ್ ಹತ್ತಿರ ಬಂತು. ಬ್ಯಾಂಕಲ್ಲಿ ಉಸಿರಾಡೋಕೆ ಪುರಸೊತ್ತಿಲ್ಲ.”

“ನಿಮ್ಮ ಮ್ಯಾನೇಜರ್ ಮನೆ ಕಟ್ತಿದಾರಲ್ಲಣ್ಣ, ಸಿಮೆಂಟ್ ನಂದೇ. ಕೇಳಿದೆ. ‘ಧಾರಾಳವಾಗಿ ಕರ್ಕೊಂಡು ಹೋಗ್ರೀ’ ಅಂದ್ರು.”

“ಹೊಟ್ಟೆ ಯಾಕೋ ಈ ನಡುವೆ…”

“ಅಪ್ಪಾ ಷಡಕ್ಷರಪ್ಪ” ಎಂದು ಸುಭದ್ರಮ್ಮ ತಮ್ಮ ಎಪ್ಪತ್ತೆರಡು ವರ್ಷದ ಕೈಯನ್ನು ಅವರ ಮೊಣಕೈ ಮೇಲಿಟ್ಟರು. “ನೀನಿದೀಯ ಅನ್ನೋ ಧೈರ್ಯಕ್ಕೇ ನಾನು ಹೊರಟಿರೋದು. ಮೊದಲು ನೀನು ಹಾರಿ ದೋಣೀಲಿ ನಿಂತ್ಕೋ. ನಾನು ನಿನ್ನ ಮುಖ ನೋಡ್ಕೊಂಡು ಹಾರ್ತೀನಿ.”

ಮಕ್ಕಳೆಲ್ಲ ಕುಣಿದವು. ಷಡಕ್ಷರಪ್ಪನವರು ನಕ್ಕರು. ಆ ನಗುವನ್ನು ಶಿವಮೊಗ್ಗದ ಬಸ್ಸು ಹತ್ತುವವರೆಗೂ ಮುಖದಿಂದ ಇಳಿಸಲು ಆಗಲಿಲ್ಲ.

ಬಸ್ಸು ಮಲವಗೊಪ್ಪ ದಾಟಿತು. ಆಮೇಲೆ ಷಡಕ್ಷರಪ್ಪನವರು ಹಲ್ಲು ಕಚ್ಚಿಕೊಂಡು, “ಇದು ಅವನ ತಲೆಗೆ ಹೇಗೆ ಹೊಳೀತು ಅಂತ! ಬೇಕು ಬೇಕು ಅಂತಲೇ ಮಾಡಿದಾನೆ” ಎಂದರು.

“ಅವರಿಗೆ ಹೊಳೀಲಿಲ್ಲ. ಊರಿಗೆ ಬಂದ ದಿನಾನೇ ಶೀಲಾಗೆ ಫೋನ್ ಮಾಡಿ ನಾನೇ ಹೇಳಿದ್ದು.”

“ನೀನಾ?! ತುಟಿ ಬಿಚ್ಚಲ್ಲ ಅಂದಿದ್ದೆ!”

“ನೀವು ಇಳೀಲಿಲ್ಲ ಅಂತ ಎಲ್ಲಿ ಹೇಳಿದೆ? ಭಾವ ಬಂದ್ರೆ ಎಲ್ಲ ಚೆನ್ನಾಗಿ ತೋರಿಸ್ತಾರೆ ಅಂದೆ, ಅಷ್ಟೇಯ.” ಮಹಾಂತಮ್ಮ ಕಿಟಕಿಯ ಗಾಳಿಗೆ ಹಾರುತ್ತಿದ್ದ ಸೆರಗನ್ನು ಎಳೆದುಕೊಂಡರು. “ಇನ್ನೇನು ಮಾಡ್ಲಿ ಹೇಳಿ? ಅಷ್ಟು ಚೆನ್ನಾಗಿದೆ ಆ ಜಾಗ, ಒಬ್ಬಳೇ ನೋಡಿ ಬಂದೆ. ದೀಪದ ಕಂಬದ ಮೇಲೆ ನಿಂತಾಗಲೂ ಪಕ್ಕಕ್ಕೆ ತಿರುಗಿ ‘ರೀ’ ಅಂದೆ. ಯಾವನೋ ಗುಜರಾತಿ ‘ಕ್ಯಾ ಹೈ ಬೆಹೆನ್‌ಜಿ’ ಅಂದ.”

ಬಸ್ಸು ಶಿವಮೊಗ್ಗದ ಕಡೆ ಕುಲುಕುತ್ತಾ ಹೊರಟಿತ್ತು. ಷಡಕ್ಷರಪ್ಪನವರು ಸಿಟ್ಟು ಮಾಡಲು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಅದು ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಹೆಂಡತಿಯ ಕಡೆ ವಾಲಿ, ಕಂಡಕ್ಟರಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದರು.

“ಅಲ್ವೇ, ಆ ದೀಪಸ್ತಂಭದ ತುದೀಲಿ ನಿಂತ್ರೆ ನಿಜವಾಗ್ಲೂ ಅಷ್ಟೊಂದು ಚೆನ್ನಾಗಿ ಕಾಣುತ್ತಾ?”

“ನನ್ನನ್ನೇನು ಕೇಳ್ತೀರ?” ಎಂದರು ಮಹಾಂತಮ್ಮ. “ಈಗ ತಾನೇ ಒಂದು ಗಂಟೆ ನೀವೇ ಹೇಳಿದ್ರಲ್ಲ!”